ತಲೆಗೆ ಪೆಟ್ಟು ಬಿದ್ದ ಆಟಗಾರ ಅದನ್ನು ಅಂದೇ ಹೇಳುವಂತೆ ಮಾಡುವುದು ಹೇಗೆ?

ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು, ಕ್ಲಬ್ಬಿನ ಕೋಚ್, ತಂಡದ ನಾಯಕ, ಮಗನನ್ನೋ ಮಗಳನ್ನೋ ಮೈದಾನಕ್ಕೆ ಕಳುಹಿಸುವ ತಂದೆತಾಯಿ, ಇವರಿಗಾಗಿ ಈ ಬರಹ. ಹೇಳಬೇಕಾದವನು ಆಟಗಾರನಲ್ಲವೇ, ಬುದ್ಧಿಮಾತು ಅವನಿಗೆ ತಾನೇ ಬೇಕಾದದ್ದು ಎಂದು ಯಾರಾದರೂ ಕೇಳಬಹುದು. ಅವನಿಗೂ ಬೇಕು. ಆದರೆ ಮಿದುಳು ಈಗಷ್ಟೇ ಅಲುಗಿದ ಹುಡುಗನೊಬ್ಬ ತನ್ನ ಸ್ಥಿತಿಯನ್ನು ತಾನೇ ಅಳೆದು, ತಂಡದಿಂದ ಹೊರಗೆ ಕೂರಬೇಕಾದೀತು ಎಂಬುದು ಗೊತ್ತಿದ್ದೂ, ತಾನಾಗಿಯೇ ಬಂದು ಒಪ್ಪಿಕೊಳ್ಳಲಿ ಎಂದು ನಿರೀಕ್ಷಿಸುವ ವ್ಯವಸ್ಥೆ ನಡೆಯುವುದಿಲ್ಲ ಎಂಬುದು ಹಲವು ದೇಶಗಳ ಅನುಭವ. ಹೇಳುವುದು ಸುಲಭವಾಗಬೇಕಾದರೆ ಅದಕ್ಕೆ ಬೇಕಾದ ಏರ್ಪಾಡನ್ನು ಸುತ್ತಲಿನ ಹಿರಿಯರು ಮೊದಲೇ ಮಾಡಿರಬೇಕು.

ಕನ್ಕಷನ್ ಎಂದರೆ ಹೊಡೆತದ ರಭಸಕ್ಕೆ ತಲೆ ಅಲುಗಿ ಮಿದುಳಿನ ಕೆಲಸ ಕೆಲವು ಕಾಲ ಏರುಪೇರಾಗುವುದು. ಹೊಡೆತ ತಲೆಗೇ ಬೀಳಬೇಕೆಂದಿಲ್ಲ. ಎದೆಗೋ ಭುಜಕ್ಕೋ ಬಿದ್ದ ಡಿಕ್ಕಿ ಕುತ್ತಿಗೆಯನ್ನು ಜೋರಾಗಿ ಹಿಂದೆಮುಂದೆ ಎಳೆದರೂ ಸಾಕು. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಎಂಬ ನಂಬಿಕೆ ಇನ್ನೂ ಬಲವಾಗಿದೆ. ನಿಜದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಪ್ರಜ್ಞೆ ತಪ್ಪುವುದಿಲ್ಲ. ಸಿ.ಟಿ. ಸ್ಕ್ಯಾನ್ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ, ಏಕೆಂದರೆ ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನೂ ಮೂಳೆ ಮುರಿತವನ್ನೂ ಹೊರತು ಮಿದುಳಿನ ಕೆಲಸದ ಏರುಪೇರನ್ನಲ್ಲ. ಹೀಗಾಗಿ ಕನ್ಕಷನ್ ಗುರುತಿಸಲು ನಮಗಿರುವ ಮುಖ್ಯ ಆಧಾರ ಆಟಗಾರನ ಮಾತು ಮತ್ತು ಅವನನ್ನು ಬಲ್ಲವರ ಕಣ್ಣು.

ತಡವಾಗುವುದು ಏಕೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಸುತ್ತಮುತ್ತಲಿನ ಪ್ರೌಢಶಾಲೆಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ 1,532 ಹುಡುಗರನ್ನು ಋತು ಮುಗಿದ ಮೇಲೆ ಪ್ರಶ್ನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಆ ಋತುವಿನಲ್ಲಿ ಕನ್ಕಷನ್ ಆಗಿತ್ತೆಂದು ಹೇಳಿದವರು ಶೇ 15ರಷ್ಟು. ಅವರಲ್ಲಿ ಆಗ ಯಾರಿಗಾದರೂ ತಿಳಿಸಿದ್ದವರು ಶೇ 47 ಮಾತ್ರ. ಮುಚ್ಚಿಟ್ಟವರು ಕೊಟ್ಟ ಕಾರಣಗಳಲ್ಲಿ ಮೊದಲನೆಯದು, ಶೇ 66ರಷ್ಟು ಹುಡುಗರು ಹೇಳಿದ್ದು, ವೈದ್ಯರವರೆಗೆ ಹೋಗುವಷ್ಟು ದೊಡ್ಡ ಪೆಟ್ಟು ಅದಲ್ಲ ಎಂದು. ಆಟದಿಂದ ಹೊರಗಿಡುತ್ತಾರೆ ಎಂಬ ಭಯ ಶೇ 41ರಷ್ಟು ಮಂದಿಗೆ. ತಮಗಾದದ್ದು ಕನ್ಕಷನ್ ಎಂಬುದೇ ಶೇ 36ರಷ್ಟು ಮಂದಿಗೆ ಹೊಳೆದಿರಲಿಲ್ಲ. ಒಬ್ಬನೇ ಒಂದಕ್ಕಿಂತ ಹೆಚ್ಚು ಕಾರಣ ಕೊಡಬಹುದಾಗಿದ್ದರಿಂದ ಈ ಮೊತ್ತ ನೂರನ್ನು ಮೀರುತ್ತದೆ.

ಮೊದಲ ಮತ್ತು ಮೂರನೆಯ ಕಾರಣಗಳನ್ನು ತಿಳಿವಳಿಕೆಯಿಂದ ಹೋಗಲಾಡಿಸಬಹುದು. ನಡುವಿನದು ಹಾಗಲ್ಲ. ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಒಪ್ಪಿಸಬಲ್ಲ ಆಟಗಾರನೂ ಪಂದ್ಯದ ದಿನ ಬಾಯಿ ಬಿಡದೆ ಇರುತ್ತಾನೆ, ಏಕೆಂದರೆ ಅವನ ಲೆಕ್ಕ ಆರೋಗ್ಯದ್ದಲ್ಲ. ತನ್ನ ಜಾಗಕ್ಕೆ ಬಂದವನು ಅಲ್ಲೇ ಉಳಿದುಬಿಟ್ಟರೆ? ನಾಳಿದ್ದು ಜಿಲ್ಲಾ ತಂಡದ ಟ್ರಯಲ್ಸ್. ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟಿಗೋ ಉದ್ಯೋಗಕ್ಕೋ ಪ್ರಮಾಣಪತ್ರ ಬೇಕಾಗಿರುವ ಹುಡುಗನಿಗೆ ಒಂದು ಟೂರ್ನಿ ತಪ್ಪುವುದೆಂದರೆ ಒಂದು ವರ್ಷ ತಪ್ಪಿದಂತೆ. ಹೆದರಬೇಡ ಎಂಬ ಉಪದೇಶದಿಂದ ಈ ಭಯ ಹೋಗುವುದಿಲ್ಲ, ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ಅದು ನ್ಯಾಯವಾದ ಭಯ. ಅಮೆರಿಕದ ನಾಲ್ಕು ಕಾಲೇಜುಗಳ 328 ಆಟಗಾರರನ್ನು ಕುರಿತ 2015ರ ಅಧ್ಯಯನದಲ್ಲಿ, ತಲೆಗೆ ಪೆಟ್ಟಾದ ಮೇಲೂ ಆಡಬೇಕೆಂಬ ಒತ್ತಡವನ್ನು ಕೋಚ್, ಸಹ ಆಟಗಾರರು, ಅಭಿಮಾನಿಗಳು, ತಂದೆತಾಯಿ ಇವರಲ್ಲಿ ಯಾರಿಂದಲಾದರೂ ಅನುಭವಿಸಿದ್ದೇವೆ ಎಂದವರು ಕಾಲು ಭಾಗಕ್ಕೂ ಹೆಚ್ಚು. ನಾಲ್ಕೂ ಕಡೆಯಿಂದ ಒತ್ತಡ ಕಂಡವರಲ್ಲಿ ಮುಂದೆಯೂ ಪೆಟ್ಟು ಮುಚ್ಚಿಟ್ಟು ಆಡುವ ಇರಾದೆ ಹೆಚ್ಚಾಗಿತ್ತು.

ಮುಚ್ಚಿಡುವ ಉದ್ದೇಶವೇ ಇಲ್ಲದಿದ್ದರೂ ತಡವಾಗುವುದುಂಟು. 2014ರ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಅರ್ಜೆಂಟೀನಾದ ಆಟಗಾರನ ಭುಜ ಮುಖಕ್ಕೆ ಬಡಿದ ಮೇಲೆ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ಸುಮಾರು 14 ನಿಮಿಷ ಆಡಿದರು. ನಡುವೆ ಕ್ರಾಮರ್ ತಾವೇ ರೆಫರಿ ನಿಕೋಲಾ ರಿಝೋಲಿ ಅವರ ಬಳಿ ಹೋಗಿ, ಇದು ಫೈನಲ್ ಪಂದ್ಯವೇ ಎಂದು ಕೇಳಿದರು. ರೆಫರಿ ಈ ಸಂಗತಿಯನ್ನು ಜರ್ಮನಿಯ ಇನ್ನೊಬ್ಬ ಆಟಗಾರನ ಗಮನಕ್ಕೆ ತಂದ ಬಳಿಕವೇ ಕ್ರಾಮರ್ ಹೊರಗೆ ಬಂದದ್ದು. ಅವರು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಷ್ಟು ಅರಿವೂ ಆಗ ಅವರಿಗಿರಲಿಲ್ಲ.

ಇನ್ನು ಕೆಲವರಲ್ಲಿ ಲಕ್ಷಣಗಳೇ ತಡವಾಗಿ ಬರುತ್ತವೆ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಬೌನ್ಸರ್ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಬಡಿದಾಗ ಅವರು 80 ರನ್ ಗಳಿಸಿದ್ದರು. ಹೊರಗೆ ಹೋಗಿ, ತಪಾಸಣೆಯಲ್ಲಿ ಪಾಸಾಗಿ, ಮತ್ತೆ ಬ್ಯಾಟಿಂಗ್‌ಗೆ ಬಂದು 92ಕ್ಕೆ ಔಟಾದರು. ಮರುದಿನ ಬೆಳಿಗ್ಗೆ ಲಕ್ಷಣಗಳು ಕಾಣಿಸಿಕೊಂಡವು. ಅವರ ಬದಲಿಗೆ ಬಂದ ಮಾರ್ನಸ್ ಲಾಬುಶೇನ್ ಟೆಸ್ಟ್ ಇತಿಹಾಸದ ಮೊದಲ ಕನ್ಕಷನ್ ಬದಲಿ ಆಟಗಾರರಾದರು. ಸ್ಮಿತ್ ಮುಂದಿನ ಟೆಸ್ಟ್‌ಗೂ ಇರಲಿಲ್ಲ. ನುರಿತ ವೈದ್ಯರು ಪಕ್ಕದಲ್ಲೇ ಇದ್ದ ತಂಡದಲ್ಲಿ ಹೀಗಾದರೆ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯಲ್ಲಿ ಒಂದು ಸಲ ಮಾತನಾಡಿಸಿ 'ಸರಿ ಇದ್ದಾನೆ' ಎಂದು ತೀರ್ಮಾನಿಸುವುದಕ್ಕೆ ಏನು ಬೆಲೆ?

ಋತು ಆರಂಭವಾಗುವ ಮೊದಲು

ಕೆಲಸದ ಬಹುಪಾಲು ಇಲ್ಲಿಯೇ ಆಗಬೇಕು. ಪೆಟ್ಟು ಬಿದ್ದ ಮೇಲೆ ಹೊಸ ನಿಯಮ ಹೇಳಿದರೆ ಅದು ಶಿಕ್ಷೆಯಂತೆ ಕೇಳಿಸುತ್ತದೆ.

ಮೊದಲು ತಂಡಕ್ಕೆ ಒಂದೇ ನಿಯಮವನ್ನು, ವಿನಾಯಿತಿ ಇಲ್ಲದೆ, ತಂದೆತಾಯಿಯ ಎದುರಿನಲ್ಲೇ ತಿಳಿಸಿಬಿಡಿ: ತಲೆಗೆ ಪೆಟ್ಟಾಗಿ ಅನುಮಾನ ಬಂದವನು ಆ ದಿನ ಮತ್ತೆ ಆಡುವುದಿಲ್ಲ, ಮತ್ತು ವೈದ್ಯರ ಬರಹವಿಲ್ಲದೆ ಮರಳುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯ 2009ರಲ್ಲಿ ಇದನ್ನು ಕಾನೂನನ್ನಾಗಿಯೇ ಮಾಡಿತು. 2006ರಲ್ಲಿ ಝಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗ ತಲೆಗೆ ಪೆಟ್ಟಾದ ಮೇಲೂ ಅದೇ ಪಂದ್ಯದಲ್ಲಿ ಮತ್ತೆ ಆಡಿ ಮಿದುಳಿಗೆ ತೀವ್ರ ಹಾನಿ ಮಾಡಿಕೊಂಡದ್ದು ಆ ಕಾನೂನಿಗೆ ಕಾರಣ. 2014ರ ಹೊತ್ತಿಗೆ ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಇಂಥ ಕಾನೂನುಗಳಿದ್ದವು. ಇದರ ಪ್ರಯೋಜನ ಆಟಗಾರನಿಗಷ್ಟೇ ಅಲ್ಲ. ಎರಡು ರನ್ನಿಗೋ ಎರಡು ಪಾಯಿಂಟಿಗೋ ಪಂದ್ಯ ನಿಂತಿರುವಾಗ ಅನುಮಾನಕ್ಕೂ ಆಸೆಗೂ ನಡುವೆ ಸಿಕ್ಕಿಕೊಳ್ಳುವ ಕೋಚ್‌ನನ್ನೂ ಈ ನಿಯಮ ಪಾರುಮಾಡುತ್ತದೆ. ತೀರ್ಮಾನ ಮೊದಲೇ ಆಗಿಬಿಟ್ಟಿದ್ದರೆ ಯಾರೂ ಯಾರನ್ನೂ ಒಪ್ಪಿಸಬೇಕಾಗಿಲ್ಲ.

ಎರಡನೆಯದಾಗಿ, ನಷ್ಟದ ಲೆಕ್ಕವನ್ನು ಆಟಗಾರನ ಭಾಷೆಯಲ್ಲೇ ತಿರುಗಿಸಿ ಹೇಳಿ. ಹದಿನಾರರ ಹುಡುಗನಿಗೆ ಇನ್ನು ಮೂವತ್ತು ವರ್ಷಗಳ ಮೇಲೆ ಬರಬಹುದಾದ ಮರೆವಿನ ಕಾಯಿಲೆಯ ಮಾತು ತಾಕುವುದಿಲ್ಲ. ಎಷ್ಟು ಪಂದ್ಯ ತಪ್ಪುತ್ತದೆ ಎಂಬ ಮಾತು ತಾಕುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಪೆಟ್ಟಾದ ಕೂಡಲೇ ಹೊರಬಂದ ಯುವ ಆಟಗಾರರನ್ನೂ ಆಟ ಮುಂದುವರಿಸಿದವರನ್ನೂ ಹೋಲಿಸಿತು. ಕೂಡಲೇ ಹೊರಬಂದವರು ಸರಾಸರಿ 22 ದಿನಗಳಲ್ಲಿ ಚೇತರಿಸಿಕೊಂಡರು. ಆಡಿದವರಿಗೆ ಸರಾಸರಿ 44 ದಿನ ಬೇಕಾಯಿತು. ಅಧ್ಯಯನದಲ್ಲಿದ್ದವರು 69 ಮಂದಿ ಮಾತ್ರ, ಆದ್ದರಿಂದ ಈ ಸಂಖ್ಯೆಗಳನ್ನೇ ಕಟ್ಟಾಗಿ ಹಿಡಿಯಬೇಕಿಲ್ಲ. ಆದರೆ ಬೇರೆ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿವೆ. ಕಾರಣವನ್ನೂ ಹೇಳಿ, ಹುಡುಗರು ಕಾರಣ ಕೇಳುತ್ತಾರೆ. ಹೊಡೆತದಿಂದ ನರಕೋಶಗಳ ಒಳಹೊರಗಿನ ಲವಣಗಳ ಸಮತೋಲ ತಪ್ಪುತ್ತದೆ. ಅದನ್ನು ಸರಿಪಡಿಸಲು ಕೋಶಗಳಿಗೆ ಎಂದಿಗಿಂತ ಹೆಚ್ಚು ಶಕ್ತಿ ಬೇಕಾಗುತ್ತದೆ, ಆದರೆ ಅದೇ ಹೊತ್ತಿಗೆ ಮಿದುಳಿಗೆ ರಕ್ತದ ಹರಿವು ಕಡಿಮೆಯಾಗಿರಬಹುದು. ಆ ಕೊರತೆಯ ಅವಧಿಯಲ್ಲಿ ಓಡುವುದೂ ಇನ್ನೊಂದು ಪೆಟ್ಟು ತಿನ್ನುವುದೂ ಚೇತರಿಕೆಯನ್ನು ಹಿಂದಕ್ಕೆ ತಳ್ಳುತ್ತವೆ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದು ಮಿದುಳು ವಿಪರೀತ ಊದಿಕೊಂಡು ಸಾವು ಸಂಭವಿಸಿದ ಉದಾಹರಣೆಗಳೂ ಇವೆ. ಅಪರೂಪ, ಆದರೆ ಹೆಚ್ಚಾಗಿ ಎಳೆಯರಲ್ಲಿ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಜೊತೆಗಾರರಿಗೆ ಹೊಣೆ ಕೊಡಿ. 2013ರ ಮೇ ತಿಂಗಳಲ್ಲಿ ಕೆನಡಾದ ಒಟ್ಟಾವಾದಲ್ಲಿ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ರಗ್ಬಿ ಆಟಗಾರ್ತಿ, ಕೆಲವೇ ದಿನಗಳ ಅಂತರದಲ್ಲಿ ತಲೆಗೆ ಮತ್ತೆ ಮತ್ತೆ ಪೆಟ್ಟಾಗಿ ತೀರಿಕೊಂಡಳು. ತನಗೆ ಕನ್ಕಷನ್ ಆಗಿರಬಹುದೆಂದು ಅವಳು ಇಂಟರ್ನೆಟ್‌ನಲ್ಲಿ ಹುಡುಕಿದ್ದಳು, ಸ್ನೇಹಿತರಿಗೆ ಫೋನಿನಲ್ಲಿ ಸಂದೇಶವನ್ನೂ ಕಳಿಸಿದ್ದಳು. ಅವಳು ಹೇಳಿಕೊಂಡಿದ್ದಳು, ಆಟ ನಿಲ್ಲಿಸುವ ಅಧಿಕಾರ ಇದ್ದವರಿಗೆ ಆ ಮಾತು ತಲುಪಲಿಲ್ಲ ಅಷ್ಟೆ. ಅವಳ ಹೆಸರಿನ ಕಾನೂನನ್ನು ಒಂಟಾರಿಯೊ ಪ್ರಾಂತ್ಯ 2018ರಲ್ಲಿ ಅಂಗೀಕರಿಸಿತು. ಹುಡುಗರು ಹುಡುಗಿಯರು ಮೊದಲು ಮಾತನಾಡುವುದು ತಮ್ಮ ವಾರಿಗೆಯವರೊಡನೆ ಎಂಬುದು ನಿಶ್ಚಿತವಾದ್ದರಿಂದ, ಸ್ನೇಹಿತನ ಕಿವಿಗೆ ಬಿದ್ದ ಮಾತು ಅಲ್ಲಿಂದ ಯಾರ ಬಳಿಗೆ ಹೋಗಬೇಕು ಎಂಬುದನ್ನು ಸ್ಪಷ್ಟಪಡಿಸಿಡಿ. ತಂಡವನ್ನು ಇಬ್ಬಿಬ್ಬರ ಜೋಡಿಯಾಗಿ ಮಾಡಿ, ನಿನ್ನ ಜೋಡಿಯವನು ಮಂಕಾಗಿ ಕಂಡರೆ ನನಗೆ ಹೇಳಬೇಕಾದವನು ನೀನು ಎಂದು ಒಪ್ಪಿಸಿ. ಇದು ಚಾಡಿಯಲ್ಲ ಎಂಬ ಮಾತನ್ನು ಕೋಚ್‌ಗಿಂತ ನಾಯಕನ ಬಾಯಿಂದ ಹೇಳಿಸುವುದು ಮೇಲು. ಹೇಳಲು ಕೋಚ್ ಅಲ್ಲದ ಇನ್ನೊಬ್ಬರೂ ಇರಬೇಕು: ಫಿಸಿಯೊ ಇದ್ದರೆ ಸರಿ, ಇಲ್ಲವಾದರೆ ತಂಡದ ಆಯ್ಕೆಯಲ್ಲಿ ಕೈಯಿಲ್ಲದ ಒಬ್ಬ ಶಿಕ್ಷಕಿಯೋ ಸ್ಕೋರರೋ ಸಾಕು.

ವೀರಗಾಥೆಗಳ ವಿಷಯದಲ್ಲಿ ಒಂದು ಮಾತು. 2002ರಲ್ಲಿ ಆಂಟಿಗಾ ಟೆಸ್ಟ್‌ನಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಬೌಲ್ ಮಾಡಿ ಲಾರಾ ಅವರ ವಿಕೆಟ್ ಪಡೆದ ಅನಿಲ್ ಕುಂಬ್ಳೆ ಅವರ ಕಥೆಯನ್ನು ಹೇಳದ ಕೋಚ್ ಕರ್ನಾಟಕದಲ್ಲಿ ಇರಲಾರರು. ಹೇಳಲೇಬೇಕಾದ ಕಥೆ ಅದು. ಆದರೆ ಅಲ್ಲಿ ಮುರಿದಿದ್ದದ್ದು ದವಡೆ. ತನ್ನ ನೋವನ್ನು ಅಳೆದು ತೀರ್ಮಾನಿಸಬೇಕಾದ ಬುದ್ಧಿಗೆ ಏನೂ ಆಗಿರಲಿಲ್ಲ. ಈ ವ್ಯತ್ಯಾಸವನ್ನು ಆ ಕಥೆ ಹೇಳುವಾಗಲೇ ಸೇರಿಸಿಬಿಟ್ಟರೆ, ಬೇರೆ ಭಾಷಣ ಬೇಕಾಗುವುದಿಲ್ಲ.

ಪೆಟ್ಟು ಬಿದ್ದ ಹೊತ್ತಿನಲ್ಲಿ

'ಸರಿ ಇದ್ದೀಯಲ್ಲ?' ಎಂದು ಕೇಳಬೇಡಿ. ಆ ಪ್ರಶ್ನೆಯೊಳಗೇ ಉತ್ತರವಿದೆ, ಆಟಗಾರನಿಗೂ ಅದು ಗೊತ್ತು. 'ಕನ್ಕಷನ್ ಆಗಿದೆಯಾ?' ಎಂದು ಕೇಳಿದರೂ ಪ್ರಯೋಜನವಿಲ್ಲ; ರೋಗ ನಿರ್ಣಯ ಅವನ ಕೆಲಸವಲ್ಲ. ಲಕ್ಷಣಗಳನ್ನು ಒಂದೊಂದಾಗಿ ಕೇಳಿ. 'ತಲೆ ಹೇಗಿದೆಯಪ್ಪಾ, ಭಾರ ಅನ್ನಿಸುತ್ತಿದೆಯಾ? ಕಣ್ಣು ಮಂಜಾಗಿದೆಯಾ? ಓಕರಿಕೆ? ಬೆಳಕು ಚುಚ್ಚುತ್ತಿದೆಯಾ? ನಿಂತರೆ ತೂಗಿದಂತಾಗುತ್ತಾ?' ಹೀಗೆ ಕೇಳಿದಾಗ, ಏನೂ ಇಲ್ಲ ಸರ್ ಎನ್ನಲು ಹೊರಟಿದ್ದವನೂ ಯಾವುದಾದರೊಂದಕ್ಕೆ ಹೌದು ಎನ್ನುವುದುಂಟು. ಒಂದು ಹೌದು ಸಾಕು.

ಅನಂತರ ಆ ಪಂದ್ಯಕ್ಕೆ ಸಂಬಂಧಿಸಿದ ಕೆಲವು ಪ್ರಶ್ನೆಗಳು: ನಾವೀಗ ಯಾವ ಮೈದಾನದಲ್ಲಿದ್ದೇವೆ? ಇದು ಮೊದಲ ಅವಧಿಯೋ ಎರಡನೆಯದೋ? ಕೊನೆಯ ಪಾಯಿಂಟ್ ತಂದವರು ಯಾರು? ಕಳೆದ ಪಂದ್ಯ ಯಾರ ಮೇಲೆ ಆಡಿದೆವು, ಗೆದ್ದೆವೋ ಸೋತೆವೋ? ಮ್ಯಾಡಕ್ಸ್ ಪ್ರಶ್ನೆಗಳು ಎಂದು ಕ್ರೀಡಾ ವೈದ್ಯರು ಬಳಸುವ ಪ್ರಶ್ನೆಗಳ ಬಗೆ ಇದು. ಇಂದು ಯಾವ ವಾರ, ಪ್ರಧಾನಿ ಯಾರು ಎಂಬಂಥ ಪ್ರಶ್ನೆಗಳಿಗಿಂತ ಇವು ಹೆಚ್ಚು ಉಪಯುಕ್ತ. ಆದರೆ ಎಲ್ಲಕ್ಕೂ ಸರಿಯುತ್ತರ ಬಂದಿತೆಂದು ಅವನನ್ನು ಒಳಗೆ ಕಳಿಸಬೇಡಿ. ತಪ್ಪುತ್ತರ ಅನುಮಾನವನ್ನು ಗಟ್ಟಿಮಾಡುತ್ತದೆ, ಸರಿಯುತ್ತರ ಅದನ್ನು ಅಳಿಸುವುದಿಲ್ಲ. ವೈದ್ಯರಲ್ಲದವರ ಬಳಕೆಗೆಂದೇ ಕನ್ಕಷನ್ ಗುರುತಿಸುವ ಒಂದು ಸಣ್ಣ ಪರಿಶೀಲನಾ ಹಾಳೆಯಿದೆ. 2022ರ ಆಮ್‌ಸ್ಟರ್‌ಡ್ಯಾಮ್ ತಜ್ಞರ ಸಮಾವೇಶದ ಬಳಿಕ, 2023ರಲ್ಲಿ, ಅದರ ಸಿಆರ್‌ಟಿ6 (CRT6) ಎಂಬ ಆವೃತ್ತಿ ಹೊರಬಂತು. ಅದನ್ನು ಮುದ್ರಿಸಿ ಕಿಟ್‌ನಲ್ಲಿ ಇಟ್ಟುಕೊಳ್ಳಬಹುದು.

ಮಾತಿಗಿಂತ ಮೊದಲು ಕಣ್ಣಿಗೆ ಬೀಳುವುದೂ ಇರುತ್ತದೆ. ಬಿದ್ದಲ್ಲೇ ಕದಲದೆ ಮಲಗಿದ್ದು, ಏಳುವಾಗ ತೂರಾಡಿದ್ದು, ತಲೆ ಹಿಡಿದುಕೊಂಡದ್ದು, ರೈಡ್ ಮುಗಿಸಿ ಎದುರಾಳಿಯ ಅಂಕಣದ ಕಡೆಗೇ ನಡೆದದ್ದು, ಕೇಳಿದ್ದನ್ನೇ ಕೇಳುತ್ತಿರುವುದು: ಇವುಗಳಲ್ಲಿ ಒಂದನ್ನು ಯಾರು ಕಂಡರೂ ಆಟಗಾರನ ಅಭಿಪ್ರಾಯ ಕೇಳುವ ಅಗತ್ಯವಿಲ್ಲ.

ಕೆಲವು ಚಿಹ್ನೆಗಳು ಕನ್ಕಷನ್ನಿನ ಮಿತಿಯನ್ನು ಮೀರಿ ಮಿದುಳಿನ ರಕ್ತಸ್ರಾವವನ್ನೋ ಕುತ್ತಿಗೆ ಮೂಳೆಯ ಹಾನಿಯನ್ನೋ ಸೂಚಿಸುತ್ತವೆ. ಕುತ್ತಿಗೆ ನೋವು, ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಕೈಕಾಲುಗಳಲ್ಲಿ ಜೋಮು ಅಥವಾ ನಿಶ್ಶಕ್ತಿ, ಒಂದು ವಸ್ತು ಎರಡಾಗಿ ಕಾಣುವುದು, ಎಬ್ಬಿಸಿದರೂ ಏಳಲಾಗದ ಮಂಪರು, ಇದ್ದಕ್ಕಿದ್ದಂತೆ ಸಿಟ್ಟು ಅಥವಾ ಗೊಂದಲ ಹೆಚ್ಚುವುದು ಕಂಡರೆ 108ಕ್ಕೆ ಕರೆ ಮಾಡಿ, ನರಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸಬೇಕು. ಕುತ್ತಿಗೆಯ ಬಗ್ಗೆ ಅನುಮಾನವಿದ್ದರೆ ಎತ್ತಿ ಕೂರಿಸುವುದು, ಹೆಲ್ಮೆಟ್ ಎಳೆಯುವುದು ಬೇಡ. 1998ರ ಫೆಬ್ರುವರಿಯಲ್ಲಿ ಢಾಕಾದ ಕ್ಲಬ್ ಪಂದ್ಯದಲ್ಲಿ ಹೆಲ್ಮೆಟ್ ಇಲ್ಲದೆ ಫಾರ್ವರ್ಡ್ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ರಮಣ್ ಲಾಂಬಾ ಅವರ ತಲೆಗೆ ಚೆಂಡು ಬಡಿದಾಗ ಅವರು ಎದ್ದು ನಡೆದೇ ಮೈದಾನದಿಂದ ಹೊರಗೆ ಬಂದಿದ್ದರು. ಆಮೇಲೆ ಸ್ಥಿತಿ ಬಿಗಡಾಯಿಸಿತು, ಶಸ್ತ್ರಚಿಕಿತ್ಸೆಯೂ ಫಲಿಸದೆ ಮೂರು ದಿನಗಳಲ್ಲಿ ತೀರಿಕೊಂಡರು. ಆದ್ದರಿಂದ ಹೊರಬಂದವನನ್ನು ಡ್ರೆಸಿಂಗ್ ರೂಮಿನಲ್ಲಿ ಒಬ್ಬನೇ ಮಲಗಲು ಬಿಡಬಾರದು, ಬೈಕ್ ಓಡಿಸಿಕೊಂಡು ಮನೆಗೆ ಹೋಗಲು ಬಿಡಬಾರದು. ಒಬ್ಬರು ಜೊತೆಗಿರಬೇಕು, ಅದೇ ಪ್ರಶ್ನೆಗಳನ್ನು ಸ್ವಲ್ಪ ಹೊತ್ತಿಗೊಮ್ಮೆ ಕೇಳುತ್ತಿರಬೇಕು, ಮನೆಯವರಿಗೆ ಫೋನ್ ಮಾಡಿ ಆ ರಾತ್ರಿ ಏನನ್ನು ಗಮನಿಸಬೇಕೆಂದು ಹೇಳಬೇಕು.

ಹೇಳಿದ ಮೇಲೆ

ಋತುವಿನಲ್ಲಿ ಮೊದಲು ಬಾಯಿಬಿಟ್ಟ ಆಟಗಾರನಿಗೆ ಏನಾಯಿತು ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ. ಆತನ ಜಾಗ ಹೋಯಿತು ಎಂದಾದರೆ ಎರಡನೆಯವನು ಬಾಯಿಬಿಡುವುದಿಲ್ಲ. ನೀವು ಮೊದಲು ಹೇಳಿದ್ದೆಲ್ಲ ನೀರಿನಲ್ಲಿ ಹೋಮ. ಗಾಯದಿಂದ ಹೊರಹೋದವನು ವೈದ್ಯರ ಒಪ್ಪಿಗೆ ಪಡೆದು ಬಂದಾಗ ಅವನ ಹಿಂದಿನ ಜಾಗಕ್ಕೆ ಮತ್ತೆ ಪರಿಗಣಿಸುತ್ತೇವೆ ಎಂಬ ಮಾತನ್ನು ಮೊದಲೇ ಕೊಟ್ಟು, ಉಳಿಸಿಕೊಳ್ಳಿ.

ಗುಮಾನಿಯ ಮಾತುಗಳನ್ನೂ ತಡೆಯಬೇಕು. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದ ಟಿ20 ಪಂದ್ಯದಲ್ಲಿ ತಲೆಗೆ ಚೆಂಡು ಬಡಿದ ರವೀಂದ್ರ ಜಡೇಜ ಅವರ ಬದಲಿಗೆ ಬಂದ ಯಜುವೇಂದ್ರ ಚಾಹಲ್ ಮೂರು ವಿಕೆಟ್ ಪಡೆದಾಗ, 2025ರ ಜನವರಿಯಲ್ಲಿ ಪುಣೆಯಲ್ಲಿ ಶಿವಂ ದುಬೆ ಬದಲಿಗೆ ಹರ್ಷಿತ್ ರಾಣಾ ಬಂದಾಗ, ಚರ್ಚೆಯೆಲ್ಲ ಬದಲಿ ಆಟಗಾರನಿಂದಾದ ಲಾಭದ ಸುತ್ತ ನಡೆಯಿತು. ಬದಲಿಯ ಆಯ್ಕೆ ಸರಿಯಾಗಿತ್ತೇ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಅದನ್ನು ಕೇಳುವ ಭರದಲ್ಲಿ ಪೆಟ್ಟು ತಿಂದವನು ನಾಟಕವಾಡಿದ ಎಂಬ ಧ್ವನಿ ಬಂದರೆ, ಟಿವಿ ನೋಡುತ್ತಿರುವ ಹುಡುಗ ಕಲಿಯುವುದು ಬೇರೆಯದೇ ಪಾಠ. 2025ರಲ್ಲಿ ಐಸಿಸಿ, ಕನ್ಕಷನ್ ಆದವರು ಕನಿಷ್ಠ ಏಳು ದಿನ ಆಡಕೂಡದೆಂದೂ ತಂಡಗಳು ಬದಲಿ ಆಟಗಾರರ ಹೆಸರನ್ನು ಪಂದ್ಯಕ್ಕೆ ಮೊದಲೇ ಕೊಡಬೇಕೆಂದೂ ನಿಯಮ ಮಾಡಿತು. ಎರಡೂ ಈ ಗುಮಾನಿಗೆ ಒಂದು ಮಟ್ಟಿಗೆ ಮದ್ದು. ನಿಮ್ಮ ಸ್ಥಳೀಯ ಟೂರ್ನಿಯ ನಿಯಮಗಳಲ್ಲೂ ತಲೆಗೆ ಪೆಟ್ಟಾದವನಿಗೆ ಬದಲಿ ಆಟಗಾರನನ್ನು ಇಳಿಸಲು ಅವಕಾಶವಿರುವಂತೆ ಸಂಘಟಕರನ್ನು ಕೇಳಿ. ಹತ್ತು ಮಂದಿಯಲ್ಲಿ ಆಡಬೇಕಾದೀತು ಎಂಬ ಅಳುಕು ಆಟಗಾರನನ್ನು ಕಟ್ಟಿಹಾಕುವಷ್ಟು ಬೇರೇನೂ ಕಟ್ಟಿಹಾಕುವುದಿಲ್ಲ.

ಮರಳುವ ಕ್ರಮ ಚಿಕ್ಕದಾಗಿ ಹೀಗೆ. ಮೊದಲ 24ರಿಂದ 48 ಗಂಟೆ ಶ್ರಮ ಕಡಿಮೆ, ಮೊಬೈಲ್ ಮತ್ತು ಟಿವಿ ಕಡಿಮೆ; ಆದರೆ ಕತ್ತಲ ಕೋಣೆಯಲ್ಲಿ ಮಲಗಿಸುವ ಹಳೆಯ ಪದ್ಧತಿ ಈಗಿಲ್ಲ, ನಡೆದಾಡಬಹುದು. ಅನಂತರ ಹಗುರ ವ್ಯಾಯಾಮ, ಓಟ, ಡಿಕ್ಕಿಯ ಅಪಾಯವಿಲ್ಲದ ಅಭ್ಯಾಸ, ವೈದ್ಯರ ಒಪ್ಪಿಗೆ ಪಡೆದು ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ. ಶಾಲೆಯ ಪಾಠ ಆಟಕ್ಕಿಂತ ಮೊದಲು. ಬ್ರಿಟನ್ನಿನಲ್ಲಿ 2023ರಿಂದ ಹವ್ಯಾಸಿ ಆಟಗಾರರು ಪೆಟ್ಟಾದ 21 ದಿನಗಳಿಗಿಂತ ಮೊದಲು ಪಂದ್ಯಕ್ಕೆ ಮರಳಬಾರದೆಂಬ ಮಾರ್ಗಸೂಚಿ ಇದೆ. ತಂಡಕ್ಕೆ ವೈದ್ಯರಿಲ್ಲದ ಕಡೆ ಅನುಸರಿಸಲು ಅದು ಒಳ್ಳೆಯ ಅಳತೆ. ಈ ಅವಧಿಯಲ್ಲಿ ಹುಡುಗನನ್ನು ಮನೆಯಲ್ಲಿ ಕೂರಿಸದೆ ಸ್ಕೋರ್ ಬರೆಯಲೋ ತಂಡದ ಸಭೆಗೋ ಕರೆಸಿಕೊಳ್ಳಿ. ತಂಡದಿಂದ ದೂರವಾಗುತ್ತೇನೆಂಬ ಭಯ ಇದ್ದವನು ಲಕ್ಷಣ ಉಳಿದಿದ್ದರೂ ಹೋಗಿದೆ ಎನ್ನುತ್ತಾನೆ, ಮತ್ತು ಈ ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಕಂಡುಹಿಡಿಯಲು ಕಷ್ಟ.

ಮೂರು ದಿನ ಬಿಟ್ಟು ಬಂದು ಹೇಳಿದವನನ್ನು ಗದರಬೇಡಿ. ಅಂದೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಮೊದಲು, ಆವತ್ತಿನಿಂದ ಇವತ್ತಿನವರೆಗೆ ಇನ್ನೆಷ್ಟು ಸಲ ಆಡಿದೆ, ಮತ್ತೆ ತಲೆಗೆ ತಗುಲಿತೇ, ನಿದ್ದೆ ಹೇಗಿದೆ, ಓದಲು ಆಗುತ್ತಿದೆಯೇ ಎಂಬುದು ಬೇಕು. ವೈದ್ಯರಿಗೆ ಉಪಯೋಗವಾಗುವುದು ಅದೇ. ಆ ಉತ್ತರಗಳನ್ನು, ಪೆಟ್ಟಾದ ದಿನ ಮತ್ತು ಹೊತ್ತನ್ನು, ನೋಡಿದವರು ಹೇಳಿದ್ದನ್ನು, ಹಿಂದೆ ಎಂದಾದರೂ ಹೀಗಾಗಿತ್ತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅವನ ಮನೆಯವರ ಕೈಗೆ ಕೊಟ್ಟು ಅಂದೇ ವೈದ್ಯರ ಬಳಿಗೆ ಕಳಿಸಿ. ಟ್ರಯಲ್ಸ್ ಆ ವಾರವೇ ಇದ್ದರೆ, ಅವನಿಗೆ ಬೇರೆ ದಿನ ಕೊಡುವಂತೆ ಕೋರುವ ಪತ್ರವನ್ನು ಆಯ್ಕೆಗಾರರಿಗೆ ನೀವೇ ಬರೆಯಿರಿ, ಮತ್ತು ಬರೆದಿರುವುದನ್ನು ಅವನಿಗೆ ತೋರಿಸಿ.